ಸಾರಾಯಿ ಕ್ಯಾನಿನ ಉಸ್ತುವಾರಿ

ಚನ್ನಗಿರಿ
೭-೧೦-೧೯೮೪

ಮಾನ್ಯ ವಾರ್ಡನ್ ಕಲ್ಲೇಶಪ್ಪನವರಿಗೆ,

ಧರ್ಮಪ್ಪನ ನಮಸ್ಕಾರಗಳು. ತಲುಪಿದ ಕೂಡಲೇ ಬರೆಯಬೇಕೆಂದು ತಮ್ಮ ಅಪ್ಪಣೆಯಾಗಿತ್ತು. ತಲುಪಿದ್ದೇನೆ, ಬರೆಯುತ್ತಿದ್ದೇನೆ.

ಹಾಸ್ಟೆಲಿನ ತಾರಸಿಯ ಮೇಲೆ ನಾನು ಸಾರಾಯಿ ಕುಡಿದು, ನನ್ನ ರೂಮಿನ ಷಣ್ಮುಖಪ್ಪ ನಿದ್ದೆ ಮಾತ್ರೆ ನುಂಗಿ, ಇಬ್ಬರೂ ಒಟ್ಟಿಗೆ ಸಿಕ್ಕಿಬಿದ್ದೆವು. ಮರುದಿನ ತಮ್ಮ ಮುಂದೆ ನಿಂತು ನಾನು ಕೇಳಿಕೊಂಡದ್ದು ಒಂದೇ ಮಾತು: ನನಗೆ ಬಿಡಲು ಆಗುತ್ತಿಲ್ಲ, ಯಾರಾದರೂ ಡಾಕ್ಟರ ಹತ್ತಿರ ಕಳಿಸಿ ಎಂದು. ತಾವು ಸಮಿತಿ ಮಾಡಿದಿರಿ. ವಿದ್ಯಾರ್ಥಿ ವ್ಯಸನ ವಿಮೋಚನಾ ಸಮಿತಿ. ಹೆಸರು ಪೂರ್ತಿ ಹೇಳುವಷ್ಟರಲ್ಲಿ ಅರ್ಧ ಅಮಲು ಇಳಿದುಹೋಗುತ್ತದೆ. ಷಣ್ಮುಖಪ್ಪನ ತಂದೆ, ಇಲ್ಲಿನ ಅಡಿಕೆ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರೇ ಅದರ ಅಧ್ಯಕ್ಷರು. ಅವರ ಗೋಡೌನಿನಲ್ಲಿ ಜನವರಿವರೆಗೆ ದುಡಿದುಕೊಂಡು, ಕುಡಿಯದೆ ಇದ್ದು ತೋರಿಸಿದರೆ ಗುಣವಾದನೆಂದು ಸರ್ಟಿಫಿಕೇಟು. ಅದಿದ್ದರೆ ಮತ್ತೆ ಹಾಸ್ಟೆಲು. ಹಾಸ್ಟೆಲಿದ್ದರೆ ಮೇ ತಿಂಗಳಲ್ಲಿ ಎಂ.ಎ. ಕೊನೆಯ ಪರೀಕ್ಷೆ. ಒಪ್ಪಿಕೊಂಡೇ ಬಂದಿದ್ದೇನೆ, ಬೇರೆ ದಾರಿ ಇರಲಿಲ್ಲ.

ಈಗ ಒಂದು ತೊಂದರೆಯಾಗಿದೆ. ಇಲ್ಲಿ ಅಡಿಕೆ ಸುಗ್ಗಿ. ಹಸಿ ಅಡಿಕೆಯ ರಾಶಿ ಮುಂದೆ ಗಂಡಸರು ಹೆಂಗಸರು ಸಂಜೆಯಿಂದ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯಲು ಕೂರುತ್ತಾರೆ. ಬೆರಳು ಉರಿಯುತ್ತದೆ ಎನ್ನದೆ, ತೂಕಡಿಸದೆ ಸುಲಿಯಲಿ ಎಂದು ನಡುನಡುವೆ ಒಂದೊಂದು ಲೋಟ ಸಾರಾಯಿ ಕೊಡುವುದು ಈ ಗೋಡೌನಿನ ಪದ್ಧತಿ. ಹಿಂದಿನ ಉಸ್ತುವಾರಿಯವನು ಹಂಚಿದ್ದಕ್ಕಿಂತ ಕುಡಿದದ್ದೇ ಹೆಚ್ಚಂತೆ. ಕುಡಿಯದವನೊಬ್ಬ ಬೇಕಾಗಿತ್ತು. ‘ನೀನು ಹೆಂಗೂ ಆಣೆ ಮಾಡಿ ಬಂದೀಯಲ್ಲಪ್ಪ, ಕ್ಯಾನು ನಿನ್ನ ಕೈಯಾಗೇ ಇರಲಿ’ ಎಂದು ಮಲ್ಲಿಕಾರ್ಜುನಪ್ಪನವರು ಸಾರಾಯಿ ಇಟ್ಟಿರುವ ಕೋಣೆಯ ಕೀಲಿಯನ್ನು ನನಗೆ ಕೊಟ್ಟಿದ್ದಾರೆ. ನಾನು ಮಲಗುವುದೂ ಅದೇ ಕೋಣೆಯಲ್ಲಿ.

ಸಾರ್, ಆ ವಾಸನೆ ಬಂದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಕೀಲಿ ಬೇರೆಯವರಿಗೆ ಕೊಡಲು ತಾವು ಒಂದು ಮಾತು ಬರೆಯಬೇಕು. ಜೊತೆಗೆ ಡಾಕ್ಟರ ವಿಚಾರ ಮರೆಯಬಾರದು.

ತಮ್ಮ ವಿಧೇಯ ವಿದ್ಯಾರ್ಥಿ,
ಧರ್ಮಪ್ಪ, ಸೊಕ್ಕೆ


ವಿಶ್ವವಿದ್ಯಾಲಯ ವಿದ್ಯಾರ್ಥಿನಿಲಯ
೧೫-೧೦-೧೯೮೪

ಚಿ. ಧರ್ಮಪ್ಪನಿಗೆ ಕಲ್ಲೇಶಪ್ಪನ ಶುಭಾಶೀರ್ವಾದಗಳು.

ನಿನ್ನ ಪತ್ರ ಓದಿ ಸಂತೋಷದಿಂದ ಕಣ್ಣು ತುಂಬಿತು. ಸಮಿತಿಯ ಉಳಿದ ಸದಸ್ಯರಿಗೂ ಓದಿ ಹೇಳಿದೆ. ಅಷ್ಟು ದೊಡ್ಡ ಮನುಷ್ಯರು, ನಿನ್ನ ಪೂರ್ವಾಪರ ತಿಳಿದೂ, ಬಂದ ವಾರದೊಳಗೆ ನಿನ್ನ ಕೈಗೆ ಕೀಲಿ ಕೊಡುತ್ತಾರೆಂದರೆ ಅದೆಂಥ ನಂಬಿಕೆ. ಅದನ್ನು ತೊಂದರೆ ಎನ್ನುತ್ತೀಯಲ್ಲ. ಕೆಸರಿನಲ್ಲಿದ್ದೂ ಅಂಟಿಸಿಕೊಳ್ಳದವನೇ ಗೆದ್ದವನು. ಇದನ್ನೊಂದು ಪ್ರಯೋಗವೆಂದು ತಿಳಿದುಕೊ. ಬೆಳಿಗ್ಗೆ ಬೇಗ ಎದ್ದು ತಣ್ಣೀರು ಸ್ನಾನ ಮಾಡು. ಒಳ್ಳೆಯ ಪುಸ್ತಕ ಓದು. ನಿನ್ನ ಆ ದಲಿತ ಸಂಘದವರು ಕೊಡುವ ಪುಸ್ತಕ ಸದ್ಯಕ್ಕೆ ಬೇಡ, ಅದರಿಂದ ರಕ್ತ ಬಿಸಿಯಾಗುತ್ತದೆ.

ಡಾಕ್ಟರ ಅಗತ್ಯ ನನಗೆ ಕಾಣುತ್ತಿಲ್ಲ. ಇದು ರೋಗವಲ್ಲ, ಮನಸ್ಸಿನ ದೌರ್ಬಲ್ಯ. ಷಣ್ಮುಖಪ್ಪ ಪಾಪ ಕಾಮಾಲೆಯಾಗಿ ರಜೆಯ ಮೇಲಿದ್ದಾನೆ. ಅವರ ತಂದೆ ನೊಂದಿದ್ದಾರೆ, ಅವರ ಮುಂದೆ ಆ ತಾರಸಿಯ ಪ್ರಸ್ತಾಪ ತೆಗೆಯಬೇಡ.

ಇಂತಿ,
ಕಲ್ಲೇಶಪ್ಪ


ಚನ್ನಗಿರಿ
೨೮-೧೦-೧೯೮೪

ಮಾನ್ಯರೆ,

ತಮ್ಮ ಪತ್ರ ಬಂತು. ಕೀಲಿಯೂ ನನ್ನ ಹತ್ತಿರವೇ ಉಳಿಯಿತು.

ನಂಬಿಕೆ ಎಂದು ಬರೆದಿದ್ದೀರಿ. ನಂಬಿಕೆಯ ವಿವರ ಕೇಳಿ. ಗೋಡೌನಿನಲ್ಲಿ ಕುಡಿಯುವ ನೀರಿನ ಎರಡು ಹಂಡೆ ಇವೆ. ದೊಡ್ಡದನ್ನು ನಾನು ಮುಟ್ಟುವ ಹಾಗಿಲ್ಲ. ಮೊದಲ ದಿನ ಗೊತ್ತಿಲ್ಲದೆ ಅದರಲ್ಲಿ ಚೆಂಬು ಅದ್ದಿದೆ, ಹಂಡೆ ಪೂರ್ತಿ ಚೆಲ್ಲಿ ತಿಕ್ಕಿ ತೊಳೆಸಿದರು. ಅದೇ ಜನ ಅದೇ ಸಂಜೆ ನನ್ನ ಮುಂದೆ ಸಾಲು ನಿಂತು, ನನ್ನ ಕೈಯಿಂದ ನನ್ನ ಲೋಟದಲ್ಲಿ ಸಾರಾಯಿ ಈಸಿಕೊಂಡು ಕುಡಿದರು. ನೀರಿಗಿರುವ ಮಡಿ ಸಾರಾಯಿಗಿಲ್ಲ. ಈ ದೇಶದಲ್ಲಿ ಜಾತಿ ಕೆಡಿಸುವ ಯೋಗ್ಯತೆ ಇರುವ ಪದಾರ್ಥ ಯಾವುದೆಂದು ನಮ್ಮ ಅಧ್ಯಯನ ಶಿಬಿರದಲ್ಲಿ ಮೂರು ದಿನ ಚರ್ಚಿಸಿದ್ದೆವು. ಇಲ್ಲಿ ಒಂದು ಸಂಜೆಗೆ ತೀರ್ಮಾನವಾಯಿತು.

ಸುಲಿಯುವವರಲ್ಲಿ ನ್ಯಾಮತಿಯ ಕಲ್ಲಮ್ಮ ಅಂತ ಒಬ್ಬಳಿದ್ದಾಳೆ, ನಮ್ಮ ಜನದವಳೇ, ನಮ್ಮವ್ವನ ವಯಸ್ಸು. ಸುಗ್ಗಿಗೆ ಆಳುಗಳ ಗುಂಪು ಕಟ್ಟಿಕೊಂಡು ಬಂದು ಇಲ್ಲೇ ಬೀಡು ಬಿಡುತ್ತಾಳೆ. ಅವಳೊಬ್ಬಳೇ ಲೋಟ ಮುಟ್ಟುವುದಿಲ್ಲ. ನಾನು ಕ್ಯಾನು ಹೊತ್ತು ಬರುವುದನ್ನು ನೋಡಿ, ‘ಬಂದ್ರು ನೋಡ್ರೇ ತೀರ್ಥದಯ್ಯನೋರು. ಏನಪ್ಪಾ, ಇದನ್ನ ಹುಯ್ಯಾಕೆ ಎಂ.ಎ. ಓದಬೇಕಾ?’ ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಮಾತ್ರ ನಗದೆ ನನ್ನ ಕೈ ನೋಡುತ್ತಿದ್ದಳು. ಕೈ ನಡುಗುತ್ತಿತ್ತು.

ಇನ್ನೂ ಮುಟ್ಟಿಲ್ಲ ಸಾರ್. ‘ಇನ್ನೂ’ ಅನ್ನುವುದನ್ನು ದಯವಿಟ್ಟು ಓದಿಕೊಳ್ಳಿ. ತಣ್ಣೀರು ಸ್ನಾನ ಮಾಡುತ್ತಿದ್ದೇನೆ. ಸಾರಾಯಿಯ ವಾಸನೆಗೆ ತಣ್ಣೀರು ಹೆದರುವುದಿಲ್ಲ. ಡಾಕ್ಟರು ಬೇಕು ಎಂದು ಮತ್ತೆ ಬರೆಯುತ್ತಿದ್ದೇನೆ.

ಧರ್ಮಪ್ಪ


ಹೊನ್ನಾಳಿ
೧೨-೧೧-೧೯೮೪

ಚಿ. ಧರ್ಮಪ್ಪನಿಗೆ ಆಶೀರ್ವಾದಗಳು.

ಪ್ರಧಾನಿಯವರ ಹತ್ಯೆಯಾಗಿ ದೇಶದಲ್ಲೆದ್ದ ಗದ್ದಲದಲ್ಲಿ ಟಪಾಲು ತಡವಾಯಿತು. ರಜೆಗೆಂದು ನಮ್ಮೂರಿಗೆ ಬಂದಿದ್ದೇನೆ. ನದಿಯ ಗಾಳಿ, ಮನೆಯ ಊಟ, ಆರೋಗ್ಯ ಸುಧಾರಿಸಿದೆ.

‘ಇನ್ನೂ ಮುಟ್ಟಿಲ್ಲ’ ಎಂಬ ಒಂದು ವಾಕ್ಯ ನನಗೆ ಸಾಕು. ಉಳಿದದ್ದು ನಿನ್ನ ಹಳೆಯ ಚಾಳಿ, ಎಲ್ಲದರಲ್ಲೂ ಜಾತಿ ಹುಡುಕುವುದು. ಒಂದು ಹಂಡೆಯ ಮೇಲೆ ಮನಸ್ಸು ಕೆಡಿಸಿಕೊಳ್ಳಬೇಡ.

ಜನವರಿ ಹನ್ನೆರಡಕ್ಕೆ ಚನ್ನಗಿರಿಯಲ್ಲಿಯೇ ಸಮಿತಿಯ ಸಮಾರಂಭ. ಕುಲಪತಿಗಳು ಬರಲು ಒಪ್ಪಿದ್ದಾರೆ. ವ್ಯಸನ ಗೆದ್ದ ವಿದ್ಯಾರ್ಥಿಯಾಗಿ ನೀನು ಮಾತನಾಡಬೇಕು, ಅಲ್ಲೇ ಸರ್ಟಿಫಿಕೇಟು ಪ್ರದಾನ. ಭಾಷಣ ನಾನೇ ಬರೆದು ಜೊತೆಗಿಟ್ಟಿದ್ದೇನೆ, ಬಾಯಿಪಾಠ ಮಾಡು. ‘ಕತ್ತಲೆಯ ಕೂಪದಲ್ಲಿ ಬಿದ್ದಿದ್ದ ಈ ಪಾಮರನನ್ನು ಕೈಹಿಡಿದು ಮೇಲೆತ್ತಿದ ಮಹನೀಯರೆ’ ಎಂಬಲ್ಲಿ ಅಧ್ಯಕ್ಷರ ಕಡೆ ತಿರುಗಿ ಕೈಮುಗಿ. ಪ್ರಚಾರಕ್ಕೆ ಪೋಸ್ಟರು ಅಚ್ಚಾಗುತ್ತಿದೆ. ನಿಮ್ಮ ಜಗಳೂರಿಗೂ ಒಂದು ಕಟ್ಟು ಕಳಿಸಲು ಹೇಳಿದ್ದೇನೆ. ನಿಮ್ಮವರಿಗೂ ಹೆಮ್ಮೆಯಾಗಲಿ.

ಕಲ್ಲೇಶಪ್ಪ


ಚನ್ನಗಿರಿ
೩-೧೨-೧೯೮೪

ಪೂಜ್ಯ ಗುರುಗಳಾದ ಕಲ್ಲೇಶಪ್ಪನವರ ಪಾದಾರವಿಂದಗಳಿಗೆ,

ಇಲ್ಲಿ ಎಲ್ಲ ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಅಧ್ಯಕ್ಷರು ದೇವರಂಥವರು. ತಾವು ದೇವರಂಥವರು. ಕುಲಪತಿಗಳನ್ನು ನಾನು ನೋಡಿಲ್ಲ, ಅವರೂ ದೇವರಂಥವರೇ ಇರಬೇಕು. ಭಾಷಣ ಬಾಯಿಪಾಠವಾಗಿದೆ. ಅದರಲ್ಲಿರುವ ಪ್ರತಿ ಮಾತೂ ಸತ್ಯ. ಕೈ ನಡುಗುತ್ತಿಲ್ಲ. ಅಕ್ಷರ ನೋಡಿ, ಎಷ್ಟು ದುಂಡಗಿದೆ. ಡಾಕ್ಟರು ಬೇಡ. ಯಾರೂ ಬೇಡ.

ತಮ್ಮ ಪಾದಧೂಳಿ,
ಧರ್ಮಪ್ಪ


ವಿಶ್ವವಿದ್ಯಾಲಯ ವಿದ್ಯಾರ್ಥಿನಿಲಯ
೧೦-೧೨-೧೯೮೪

ಚಿ. ಧರ್ಮಪ್ಪ,

ಇಂಥ ಪತ್ರಕ್ಕಾಗಿಯೇ ಕಾಯುತ್ತಿದ್ದೆ. ನಿನ್ನಲ್ಲಿದ್ದ ಕಹಿ ಕರಗಿದೆ, ವಿನಯ ಮೂಡಿದೆ. ಕುಡಿತ ಬಿಟ್ಟ ಮನುಷ್ಯನ ಭಾಷೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಈ ಪತ್ರವನ್ನು ಸ್ಮರಣ ಸಂಚಿಕೆಯಲ್ಲಿ ಹಾಗೆಯೇ ಪ್ರಕಟಿಸುತ್ತಿದ್ದೇವೆ.

ಕಲ್ಲೇಶಪ್ಪ


ಚನ್ನಗಿರಿ
೨೦-೧೨-೧೯೮೪

ಕಲ್ಲೇಶಪ್ಪನವರಿಗೆ,

ಪ್ರಕಟಿಸಿ. ಮೂರನೇ ತಾರೀಖಿನ ಆ ಪತ್ರ ನಾನು ಕುಡಿದು ಬರೆದದ್ದು. ಕುಡಿಯದಿದ್ದರೆ ನನ್ನ ಕೈಯಿಂದ ‘ಪಾದಾರವಿಂದ’ ಬರುತ್ತಿರಲಿಲ್ಲ. ಸಾಲು ಸಾಲಾಗಿ ಅಮಲು ವಾಂತಿಯಾಗಿರುವ ಕಾಗದವನ್ನು ನೀವು ಎದೆಗೊತ್ತಿಕೊಂಡಿರಿ. ನೆಟ್ಟಗಿದ್ದು ಬರೆದ ಎರಡು ಪತ್ರಗಳು ನಿಮಗೆ ಕಹಿಯಾದವು. ಸೇವಕನ ಭಾಷೆ ಕಂಡ ಕೂಡಲೇ ಗುಣವಾಯಿತೆಂದು ಬರೆದುಕೊಳ್ಳುವುದೇ ನೀವು ಮಾಡುವ ವೈದ್ಯ.

ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಪೋಸ್ಟರು ಹಚ್ಚಿದ್ದಾರೆ. ‘ಕುಡುಕತನದಿಂದ ಪದವಿಯೆಡೆಗೆ: ಸೊಕ್ಕೆಯ ಧರ್ಮಪ್ಪನ ಯಶೋಗಾಥೆ.’ ನಮ್ಮಕ್ಕ ಭೀಮಕ್ಕನಿಗೆ ಓದಲು ಬರುವುದಿಲ್ಲ. ತಮ್ಮನ ಹೆಸರು ಗೋಡೆ ಮೇಲೈತೆ ಅಂತ ಯಾರೋ ಹೇಳಿದ್ದಕ್ಕೆ, ಪಾಸಾಗಿರಬೇಕು ಅಂದುಕೊಂಡು ಬಸ್ಸಿನ ಕಂಡಕ್ಟರನ ಕೈಲಿ ಓದಿಸಿದಳಂತೆ. ಆತ ಗಟ್ಟಿಯಾಗಿ ಓದಿದ. ಹೆಮ್ಮೆಯಾಗಲಿ ಅಂದಿದ್ದಿರಲ್ಲ, ಆಯಿತು.

ಆ ಪೋಸ್ಟರಿನ ನೋವಿಗೆ ಕುಡಿದೆ ಅಂತ ಬರೆದರೆ ಕಥೆ ಚೆನ್ನಾಗಿರುತ್ತದೆ. ಸುಳ್ಳು. ನವೆಂಬರಿನಲ್ಲೇ, ಯಾವ ದುಃಖವೂ ಇಲ್ಲದ ಒಂದು ಸಂಜೆ, ಲೋಟ ತೊಳೆಯುವ ಮುಂಚೆ ತಳದಲ್ಲಿ ಉಳಿದದ್ದನ್ನು ಎತ್ತಿ ಬಾಯಿಗೆ ಹುಯ್ದುಕೊಂಡೆ. ಮರುದಿನ ಲೋಟಕ್ಕೆ ಕಾಯಲಿಲ್ಲ. ಅವತ್ತಿನಿಂದ ದಿನಾ ಕುಡಿಯುತ್ತಿದ್ದೇನೆ. ಬೆಳಿಗ್ಗೆ ಕುಡಿಯದಿದ್ದರೆ ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ.

ಹೋದ ವಾರ ಷಣ್ಮುಖ ಮನೆಗೆ ಬಂದಿದ್ದ. ಮೈಕೈ ತುಂಬಿಕೊಂಡಿದ್ದಾನೆ. ಒಳ್ಳೆಯ ಹುಡುಗ, ನನಗೆ ಸುಳ್ಳು ಹೇಳಲಿಲ್ಲ. ಕಾಮಾಲೆಯೂ ಇಲ್ಲ ಏನೂ ಇಲ್ಲ. ಎರಡು ತಿಂಗಳು ಮಂಗಳೂರಿನ ಒಂದು ನರ್ಸಿಂಗ್ ಹೋಮಿನಲ್ಲಿಟ್ಟು ಮಾತ್ರೆ ಬಿಡಿಸಿದರಂತೆ. ನಡುಕಕ್ಕೆ ಔಷಧಿ ಕೊಟ್ಟರಂತೆ, ದಿನಾ ಒಬ್ಬರು ಪಕ್ಕದಲ್ಲಿ ಕೂತು ಮಾತಾಡಿಸುತ್ತಿದ್ದರಂತೆ. ಆ ನರ್ಸಿಂಗ್ ಹೋಮಿನ ವಿಳಾಸ ಹುಡುಕಿ ಕೊಟ್ಟವರು ವಾರ್ಡನ್ ಕಲ್ಲೇಶಪ್ಪನವರು. ಈಗ ಅವನು ಹಾಸ್ಟೆಲಿಗೆ ಹೊರಟ. ಆಣೆ ಇಲ್ಲ, ಭಾಷಣ ಇಲ್ಲ, ಪೋಸ್ಟರಿಲ್ಲ.

ಅವನಿಗೆ ಚಿಕಿತ್ಸೆ ಕೊಟ್ಟದ್ದಕ್ಕೆ ನನ್ನ ತಕರಾರಿಲ್ಲ. ಕೊಡಲೇಬೇಕಿತ್ತು. ತಾರಸಿಯ ಮೇಲೆ ಇಬ್ಬರಿದ್ದೆವು. ಒಬ್ಬನಿಗೆ ರೋಗ, ಒಬ್ಬನಿಗೆ ದೌರ್ಬಲ್ಯ. ಊರ ಬಾಯಿ ಸಾಹುಕಾರರ ಮಗನ ಮೇಲಿಂದ ಹೊರಳಲಿ ಅಂತ ಇನ್ನೊಬ್ಬನನ್ನು ಮೆರವಣಿಗೆಗೆ ಸಿಂಗರಿಸಿದಿರಿ.

ಈಗಲೂ ಒಂದೇ ಬೇಡಿಕೆ. ವೇದಿಕೆಗೆ ಹತ್ತಿಸಬೇಡಿ. ಷಣ್ಮುಖನನ್ನು ಕಳಿಸಿದ ಕಡೆ ಅಲ್ಲದಿದ್ದರೂ, ಯಾವುದಾದರೂ ಆಸ್ಪತ್ರೆಗೆ ಕಳಿಸಿ. ಕೂಡಲೇ.

ಧರ್ಮಪ್ಪ


ವಿಶ್ವವಿದ್ಯಾಲಯ ವಿದ್ಯಾರ್ಥಿನಿಲಯ
೨೭-೧೨-೧೯೮೪

ಧರ್ಮಪ್ಪನಿಗೆ,

ನಿನ್ನ ಪತ್ರವನ್ನು ಓದಿ ಹರಿದುಹಾಕಿದ್ದೇನೆ. ಅದು ನಿನ್ನ ಹಿತಕ್ಕೆ. ಆ ಸಂಗತಿ ನಮ್ಮಿಬ್ಬರಲ್ಲೇ ಇರಲಿ. ಆಮಂತ್ರಣಗಳು ಹೋಗಿವೆ, ಕುಲಪತಿಗಳ ಕಾರ್ಯಕ್ರಮ ನಿಗದಿಯಾಗಿದೆ. ಅಲ್ಲಿಯವರೆಗೆ ಹೇಗಾದರೂ ಸುಧಾರಿಸಿಕೊ. ಹನ್ನೆರಡನೆಯ ತಾರೀಖು ಬೆಳಿಗ್ಗೆಯೊಂದು ಮಾತ್ರ ಶುದ್ಧವಾಗಿರು, ಸರ್ಟಿಫಿಕೇಟು ನಿನ್ನ ಕೈಗೆ ಬರುತ್ತದೆ. ಆಸ್ಪತ್ರೆಯ ವಿಚಾರ ಆಮೇಲೆ ನೋಡೋಣ. ವೇದಿಕೆ ಹತ್ತದಿದ್ದರೆ ಪರೀಕ್ಷೆಯ ಮಾತೇ ಬೇಡ. ಷಣ್ಮುಖಪ್ಪನ ಹೆಸರು ಇನ್ನೊಮ್ಮೆ ಬರೆದರೆ ಪರಿಣಾಮ ನೆಟ್ಟಗಿರುವುದಿಲ್ಲ.

ಕಲ್ಲೇಶಪ್ಪ


ಹೊನ್ನಾಳಿ
೧೪-೧-೧೯೮೫

ಧರ್ಮಪ್ಪ,

ಎಲ್ಲಿದ್ದೀಯೋ ಗೊತ್ತಿಲ್ಲ. ನಿನ್ನನ್ನು ಕರೆದುಕೊಂಡು ಹೋದ ಆ ಹೆಂಗಸಿನ ಊರು ನ್ಯಾಮತಿ ಎಂದು ತಿಳಿದು ಅಲ್ಲಿಗೆ ಬರೆಯುತ್ತಿದ್ದೇನೆ. ಇನ್ನೂ ನಡುಗುತ್ತಿದ್ದೇನೆ, ಅವಮಾನದಿಂದ.

ನೀನು ಮೈಕಿನ ಮುಂದೆ ಬಂದಾಗ ನಡಿಗೆ ನೆಟ್ಟಗೇ ಇತ್ತು. ನಾನು ಬರೆದುಕೊಟ್ಟ ಮೊದಲ ವಾಕ್ಯ ಹೇಳಿದೆ, ಅಧ್ಯಕ್ಷರ ಕಡೆ ತಿರುಗಿ ಕೈಯನ್ನೂ ಮುಗಿದೆ. ನಾನು ಉಸಿರು ಬಿಟ್ಟೆ. ಆಮೇಲೆ ನೀನು ಆಡಿದ ಮಾತನ್ನು ಮರೆಯಬೇಕೆಂದರೂ ಆಗುತ್ತಿಲ್ಲ: ‘ಇವತ್ತೂ ಕುಡಿದೀನಿ. ಅಧ್ಯಕ್ಷರ ಕ್ಯಾನಿನಿಂದಾನೇ. ನನಗೆ ಬಿಡಾಕೆ ಆಗ್ತಿಲ್ಲ. ಇವತ್ತು ಸಂಜೆ ನನ್ನ ಜೊತಿಗೆ ಕೂತ್ಕಂಬಾಕೆ ನಿಮ್ಮಲ್ಲಿ ಯಾರು ಬರ್ತೀರಿ?’

ವೇದಿಕೆಯ ಮೇಲಿದ್ದ ಗಣ್ಯರಿಗೆ ಕೇಳುವ ಪ್ರಶ್ನೆಯೇ ಅದು? ಕುಲಪತಿಗಳು ನನ್ನ ಕಡೆ ಬಾಗಿ, ಇದು ಕಿರುನಾಟಕವೇ ಎಂದು ಕೇಳಿದರು. ಹೌದು ಎಂದೆ. ಬೇರೇನು ಹೇಳಲಿ? ಅವರು ಚಪ್ಪಾಳೆ ತಟ್ಟಿದರು, ಸಭೆಯೂ ತಟ್ಟಿತು. ಮೈಕು ಆರಿಸಿದೆ. ಅಷ್ಟರಲ್ಲಿ ಅಡಿಕೆ ಸುಲಿಯುವ ಆ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಬಂದು, ‘ಇಳಿಯಲೇ ತಮ್ಮಾ. ನಡಿ, ಮೊದಲು ಉಣ್ಣುವಂತೆ’ ಎಂದು ನಿನ್ನ ತೋಳು ಹಿಡಿದು ಎಳೆದುಕೊಂಡು ಹೋದಳು. ಹೋಗುವಾಗ ಅಧ್ಯಕ್ಷರನ್ನೂ ನನ್ನನ್ನೂ ಕುರಿತು ಅವಳು ಅಂದ ಮಾತು ಬರೆಯಲು ಯೋಗ್ಯವಲ್ಲ.

ನಿನಗೆ ಉಪಕಾರ ಮಾಡಿದವರ ಮುಖಕ್ಕೆ ಉಗಿದೆ. ನಿನ್ನಂಥವರಿಗೆ ಕೈಕೊಟ್ಟರೆ ಹೀಗೇ. ವಿಶ್ವವಿದ್ಯಾಲಯದ ಬಾಗಿಲು ನಿನಗೆ ಮುಚ್ಚಿದೆ.

ಕಲ್ಲೇಶಪ್ಪ


ವಿದ್ಯಾರ್ಥಿ ವ್ಯಸನ ವಿಮೋಚನಾ ಸಮಿತಿ
೨-೨-೧೯೮೫

ಶ್ರೀ ಧರ್ಮಪ್ಪನವರಿಗೆ, ಕಲ್ಲಮ್ಮನವರ ಮನೆ, ನ್ಯಾಮತಿ.

ಹಿಂದಿನ ಪತ್ರ ಆವೇಶದಲ್ಲಿ ಬರೆದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕುಲಪತಿಗಳಿಗೆ ತಮ್ಮ ‘ಅಭಿನಯ’ ಬಹಳ ಹಿಡಿಸಿದೆ. ಸಮಿತಿಯ ಕೆಲಸವನ್ನು ಬೇರೆ ಕಾಲೇಜುಗಳಿಗೂ ವಿಸ್ತರಿಸಲು ಅವರು ಒಪ್ಪಿದ್ದಾರೆ. ವಾರ್ಷಿಕ ವರದಿಯಲ್ಲಿ ತಾವು ಸಂಪೂರ್ಣ ಗುಣಮುಖರಾಗಿರುವುದಾಗಿ ನಮೂದಿಸಲಾಗಿದೆ. ಅದರಂತೆ ಜನವರಿ ೧೨ರ ತಾರೀಖು ಹಾಕಿದ ಸರ್ಟಿಫಿಕೇಟನ್ನು ಲಗತ್ತಿಸಿದೆ. ಇದನ್ನು ತೋರಿಸಿ ಹಾಸ್ಟೆಲಿಗೆ ಸೇರಿ ಪರೀಕ್ಷೆಗೆ ಕೂರಬಹುದು. ಸ್ವೀಕರಿಸಿದ್ದಕ್ಕೆ ಎರಡು ಸಾಲು ಬರೆಯಿರಿ. ಬೇರೇನೂ ಬರೆಯುವ ಅಗತ್ಯವಿಲ್ಲ.

ಕಲ್ಲೇಶಪ್ಪ, ಕಾರ್ಯದರ್ಶಿ


ನ್ಯಾಮತಿ
೧೦-೨-೧೯೮೫

ಕಾರ್ಯದರ್ಶಿ ಕಲ್ಲೇಶಪ್ಪನವರಿಗೆ,

‘ನೀನು’ ಹೋಗಿ ‘ತಾವು’ ಆಗಿದ್ದೇನೆ. ಬಹುವಚನ ಬಂದಿತೆಂದರೆ ನಿಮಗೆ ಭಯ ಹುಟ್ಟಿದೆ ಅಂತ ಅರ್ಥ.

ಸಮಾರಂಭದ ದಿನ ಕಲ್ಲಮ್ಮ ನನ್ನನ್ನು ಬಸ್ಸಿಗೆ ಹತ್ತಿಸಿ ಇಲ್ಲಿಗೆ ಕರೆತಂದಳು. ಕುಡಿಯಬೇಡ ಅನ್ನಲಿಲ್ಲ. ಆಣೆ ಮಾಡಿಸಲಿಲ್ಲ. ಮುದ್ದೆ ಇಕ್ಕಿ, ಉಣ್ಣು ಅಂದಳು, ಅಷ್ಟೆ. ಮರುದಿನ ಮೈ ಸೆಟೆದು, ಗೋಡೆಯ ಮೇಲೆ ಇಲ್ಲದ ಹುಳಗಳನ್ನು ಒರೆಸಲು ಶುರು ಮಾಡಿದೆನಂತೆ. ಅವಳೂ ನೆರೆಯವರಿಬ್ಬರೂ ಹೊತ್ತುಕೊಂಡು ಹೊನ್ನಾಳಿಯ ಸರ್ಕಾರಿ ಆಸ್ಪತ್ರೆಗೆ ಹೋದರು. ಹೌದು, ನಿಮ್ಮ ಹೊನ್ನಾಳಿಯೇ. ನಿಮ್ಮ ಮನೆಯಿಂದ ನಾಲ್ಕು ಬೀದಿ ಆಚೆ ಆಸ್ಪತ್ರೆ. ನೀವು ನದಿಯ ಗಾಳಿ ಕುಡಿಯುತ್ತಾ ನನ್ನ ಭಾಷಣ ಬರೆಯುತ್ತಿದ್ದಿರಲ್ಲ, ಅವತ್ತೂ ಅಲ್ಲಿ ಡಾಕ್ಟರಿದ್ದರು. ಅವರು ಮೊದಲು ಕೇಳಿದ್ದು, ಇಷ್ಟು ದಿನ ಎಲ್ಲಿ ಸಾಯಾಕೆ ಹೋಗಿದ್ದೆ ಅಂತ. ಸರಿಯಾದ ಪ್ರಶ್ನೆ. ವಿಳಾಸ ಹೇಳಿದೆ.

ಕಲ್ಲಮ್ಮನೂ ಒಂದು ಕಾಲಕ್ಕೆ ಕುಡಿಯುತ್ತಿದ್ದವಳು. ಅದೇ ಗೋಡೌನಿನ ಲೋಟ ಕಲಿಸಿತಂತೆ. ಈಗ ಇಲ್ಲಿ ಅವಳಂಥವರು ನಾಲ್ಕಾರು ಜನ ಇದ್ದಾರೆ. ಕೆಲಸ ಮುಗಿದು, ಹೊತ್ತು ಇಳಿಯುವ ಸಮಯಕ್ಕೆ ನಾಲಿಗೆ ಒಣಗುತ್ತದಲ್ಲ, ಆಗ ಒಬ್ಬರ ಜಗಲಿಯಲ್ಲಿ ಒಬ್ಬರು ಸೇರುತ್ತಾರೆ. ಕಡ್ಲೆಕಾಯಿ ತಿನ್ನುತ್ತಾರೆ, ಊರವರನ್ನೆಲ್ಲ ಬೈಯುತ್ತಾರೆ. ನೀವು ಆ ಬೈಗುಳದಲ್ಲಿ ದಿನಾ ಬರುತ್ತೀರಿ. ಹೊತ್ತು ಕಳೆಯುತ್ತದೆ. ಅವರ ಸಮಿತಿಗೆ ಹೆಸರಿಲ್ಲ, ಅಧ್ಯಕ್ಷರಿಲ್ಲ.

ನಮ್ಮ ಸಂಘದ ಗೆಳೆಯರ ಮೇಲೂ ನನಗೆ ಸಿಟ್ಟಿದೆ. ಕ್ರಾಂತಿಗೆ ಹೊರಟವನು ಕುಡಿಯಬಾರದು ಅಂತ ಠರಾವು ಮಾಡಿ ಹೊರಗೆ ಹಾಕಿದ್ದರು. ಅವರ ಠರಾವೂ ನಿಮ್ಮ ತಣ್ಣೀರೂ ಒಂದೇ ಬಾವಿಯದು.

ಇನ್ನು ಸರ್ಟಿಫಿಕೇಟು. ಈ ಕಾಗದದ ಜೊತೆ ವಾಪಸು ಕಳಿಸಿದ್ದೇನೆ. ಹಮ್ಮಿಗಲ್ಲ. ಪರೀಕ್ಷೆ ನನಗೆ ಬೇಕು. ನಮ್ಮ ಮನೆಯಲ್ಲಿ ಸಹಿ ಹಾಕಲು ಕಲಿತ ಮೊದಲನೆಯವನು ನಾನು. ಎರಡು ದಿನ ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ. ಆದರೆ ಅದರಲ್ಲಿ ಬರೆದದ್ದು ಸುಳ್ಳು. ಜನವರಿ ಕೊನೆಗೆ ಮತ್ತೆ ಒಮ್ಮೆ ಕುಡಿದೆ. ಕಲ್ಲಮ್ಮ ಬಾಯಿತುಂಬ ಬೈದಳು, ಬೈಯುತ್ತಲೇ ಬಡಿಸಿದಳು. ಮುಂದೆಯೂ ಬೀಳಬಹುದು. ‘ಸಂಪೂರ್ಣ ಗುಣಮುಖ’ ಎಂಬ ಕಾಗದ ಹಿಡಿದು ಒಳಗೆ ಬಂದವನು ನಾಳೆ ಬಿದ್ದರೆ ಯಾರ ಬಾಗಿಲು ತಟ್ಟಬೇಕು? ಗುಣವಾದವನಿಗೆ ಡಾಕ್ಟರ ಚೀಟಿ ಬರೆದುಕೊಡುವ ವಾರ್ಡನ್ ಎಲ್ಲಿದ್ದಾನೆ? ಬಿದ್ದರೆ ಮುಚ್ಚಿಟ್ಟುಕೊಂಡು ಕುಡಿಯಬೇಕು, ಮುಚ್ಚಿಟ್ಟುಕೊಂಡು ಸಾಯಬೇಕು. ಮೊದಲು ವಾಸಿಯಾಗಿ ಬಾ, ಆಮೇಲೆ ಆಸರೆ ಕೊಡುತ್ತೇವೆ ಅನ್ನುವ ನಿಮ್ಮ ಉಪಕಾರದ ಮುಖಕ್ಕೆ ನಾನು ಇನ್ನೊಮ್ಮೆ ಉಗಿಯುತ್ತಿದ್ದೇನೆ.

ಹಾಸ್ಟೆಲಿನ ಪುಸ್ತಕದಲ್ಲಿ ಹೀಗೆ ಬರೆದುಕೊಳ್ಳಿ: ಧರ್ಮಪ್ಪ, ಎಂ.ಎ. ಕೊನೆಯ ವರ್ಷ. ಕುಡಿತದ ಕಾಯಿಲೆ ಇದೆ. ಚಿಕಿತ್ಸೆ ನಡೆಯುತ್ತಿದೆ. ಹೊನ್ನಾಳಿಯ ಡಾಕ್ಟರು ಅಷ್ಟನ್ನೇ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ನೀವು ಅದನ್ನು ಒಪ್ಪದಿದ್ದರೆ ಷಣ್ಮುಖ ತನ್ನ ನರ್ಸಿಂಗ್ ಹೋಮಿನ ಚೀಟಿಯನ್ನೂ ತೆಗೆದು ನನ್ನದರ ಪಕ್ಕ ಇಡುತ್ತಾನಂತೆ. ತಾನಾಗಿ ಬರೆದಿದ್ದಾನೆ. ನಾನು ಕೇಳಿರಲಿಲ್ಲ.

ಬರುವ ಸೋಮವಾರ ಹಾಸಿಗೆ ಸುತ್ತಿಕೊಂಡು ಬರುತ್ತಿದ್ದೇನೆ. ಒಳಗೆ ಬಿಟ್ಟರೆ ಓದಲು ಕೂರುತ್ತೇನೆ. ಬಿಡದಿದ್ದರೆ ಗೇಟಿನ ಮುಂದೆ ಹಾಸಿಕೊಂಡು ಓದುತ್ತೇನೆ. ನ್ಯಾಮತಿಯ ಜಗಲಿಯವರು ಸಂಜೆ ಹೊತ್ತಿಗೆ ಪಾಳಿಯ ಮೇಲೆ ಒಬ್ಬೊಬ್ಬರು ಬಂದು ನನ್ನ ಜೊತೆ ಕೂರುತ್ತಾರಂತೆ. ಮೊದಲ ಪಾಳಿ ಕಲ್ಲಮ್ಮನದು. ಅವಳನ್ನು ಎಬ್ಬಿಸಲು ವಾಚ್‌ಮನ್‌ನನ್ನು ಕಳಿಸಬೇಡಿ, ಪಾಪ ಬಡವ. ನೀವೇ ಬನ್ನಿ.

ಧರ್ಮಪ್ಪ